ಮುಂಬೈಗೆ ಹೊರಡುವ ಮುನ್ನ

ಮುಂಬೈಗೆ ಹೊರಟಿದ್ದೀರಾ? ಹಾಗಾದರೆ ಬ್ಯಾಗಿಗೆ ಬಟ್ಟೆ ತುಂಬುವ ಮೊದಲು ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿ. ಇಂಗ್ಲಿಷ್ ತಾರೀಕನ್ನಲ್ಲ, ಹಿಜ್ರಿ ತಾರೀಕನ್ನು. ಯಾಕೆಂದು ಹೇಳುತ್ತೇನೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಮುಂಬೈ ಎಂದರೆ ಗಂಡಸರು ದುಡಿಯಲು ಹೋದ ಊರು. ನನ್ನ ತಂದೆಯೂ ಅಲ್ಲಿನ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ದುಡಿದವರು. ಉಮ್ಮನಿಗೆ ಆ ಊರು ಗೊತ್ತಿದ್ದುದು ಮನಿಯಾರ್ಡರ್ ಮತ್ತು ಕಾಗದಗಳಿಂದ ಮಾತ್ರ. ಕಡಲ ನಡುವೆ ಒಂದು ದಾರಿಯಿದೆ, ಒಮ್ಮೆ ನಿನ್ನನ್ನೂ ನಡೆಸಿಕೊಂಡು ಹೋಗುತ್ತೇನೆ ಎಂದು ತಂದೆ ಬರೆಯುತ್ತಿದ್ದರಂತೆ. ಅದು ಹಾಜಿ ಅಲಿ ದರ್ಗಾದ ದಾರಿ. ತಂದೆ ತೀರಿಕೊಂಡ ಮೇಲೆ ನಾವು ಮಕ್ಕಳು ಉಮ್ಮನನ್ನು ಕರೆದೊಯ್ದೆವು. ಅಂಗಡಿಗಳನ್ನೆಲ್ಲ ಸುತ್ತಿ ಮಧ್ಯಾಹ್ನ ಅಲ್ಲಿಗೆ ತಲುಪುವಾಗ ದಾರಿ ನೀರಿನಡಿಯಲ್ಲಿತ್ತು! ಸಂಜೆಯೊಳಗೆ ಸ್ಟೇಷನ್ ಸೇರಬೇಕಿತ್ತು. ಉಮ್ಮ ದಡದಲ್ಲೇ ನಿಂತು ನೋಡಿ, "ಸಾಕು ಮಗಳೇ, ಕಂಡಿತಲ್ಲ" ಎಂದರು.

ಕಡಲ ಮಗ್ಗುಲಲ್ಲೇ ಬೆಳೆದ ನನಗೆ ಉಬ್ಬರದ ಲೆಕ್ಕ ಹೊಳೆಯಲಿಲ್ಲವಲ್ಲ! ಉಬ್ಬರ ದಿನಕ್ಕೆರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಿಜ್ರಿ ತಿಂಗಳ ಆರಂಭದಲ್ಲೂ 15ರ ಆಸುಪಾಸಿನಲ್ಲೂ ನೀರು ಹೆಚ್ಚು ಏರುತ್ತದೆ. ಮುಂಬೈಯಲ್ಲಿ ಆ ದಿನಗಳ ಉಬ್ಬರ ಬರುವುದು ಸರಿಯಾಗಿ ನಡುಹಗಲಿನ ಸುಮಾರಿಗೆ. ಆಗ ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ. ಹೊರಡುವ ದಿನದ ನಿಖರ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. ಅಲ್ಲಿ ಮಲಗಿರುವವರಿಗೆ ಸಲಾಂ ಹೇಳಿ, ಅವರಿಗಾಗಿ ದುಆ ಮಾಡಿ. ಬೇಡುವುದು ಮಾತ್ರ ಅಲ್ಲಾಹನೊಡನೆ. ಕೆಲವು ವರ್ಷ ಸ್ತ್ರೀಯರಿಗೆ ಗೋರಿಯ ಕೋಣೆಗೆ ಪ್ರವೇಶವಿರಲಿಲ್ಲ. 2016ರಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು.

ಮಂಗಳೂರಿನಿಂದ ಮತ್ಸ್ಯಗಂಧ ರೈಲು ಮಧ್ಯಾಹ್ನ ಹೊರಟು ಮರುದಿನ ಬೆಳಗ್ಗೆ ಮುಟ್ಟುತ್ತದೆ. ಮುಂಗಡ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತದೆ. ವಯಸ್ಸಾದವರಿದ್ದರೆ ಕೆಳಗಿನ ಬರ್ತಿಗಾಗಿ ಮೊದಲ ದಿನವೇ ಪ್ರಯತ್ನಿಸಿ. ಮಳೆಗಾಲದಲ್ಲಿ ಕೊಂಕಣ ರೈಲುಗಳ ವೇಳೆಯೇ ಬೇರೆ. ಮಗ್ರಿಬ್‌ಗೆ ಕಿಬ್ಲಾ ಎತ್ತ ಎಂದು ಗಾಬರಿ ಬೇಡ. ರೈಲು ಉತ್ತರಕ್ಕೆ ಓಡುವಾಗ ಅದು ಹೆಚ್ಚುಕಡಿಮೆ ನಿಮ್ಮ ಎಡಕ್ಕೆ, ಕಡಲ ಕಡೆಗೆ. ಪ್ರಯಾಣದಲ್ಲಿ ಝುಹ್ರ್, ಅಸರ್, ಇಶಾ ಎರಡೆರಡು ರಕಅತ್, ಮಗ್ರಿಬ್ ಮೂರೇ.

ಲೋಕಲ್ ರೈಲಿನಲ್ಲಿ ಮಹಿಳಾ ಡಬ್ಬಿಗಳಿವೆ. ಆದರೆ ಆಫೀಸಿನ ಹೊತ್ತಿನಲ್ಲಿ ಮಕ್ಕಳು, ವೃದ್ಧರೊಂದಿಗೆ ಹತ್ತುವ ಸಾಹಸ ಬೇಡ. ಹಾಜಿ ಅಲಿಗೆ ಹತ್ತಿರದ ಲೋಕಲ್ ಸ್ಟೇಷನ್ ಮಹಾಲಕ್ಷ್ಮಿ, ಅಲ್ಲಿಂದ ಟ್ಯಾಕ್ಸಿ.

ಸಿಎಸ್‌ಎಂಟಿ ಬಳಿ ಒಂದು ದಿನ ಇಟ್ಟುಕೊಳ್ಳಿ. 1874ರಲ್ಲಿ ಬದ್ರುದ್ದೀನ್ ತ್ಯಾಬ್‌ಜಿ ಮತ್ತವರ ಸಂಗಡಿಗರು ಆರಂಭಿಸಿದ ಅಂಜುಮನ್-ಎ-ಇಸ್ಲಾಂನ ಕಟ್ಟಡ ಸ್ಟೇಷನ್ನಿನ ಎದುರಿಗೇ ಇದೆ. ಹೆಣ್ಣುಮಕ್ಕಳನ್ನು ಓದಿಸುವ ಮನೆಯವರು ಅದನ್ನೊಮ್ಮೆ ನೋಡಬೇಕು ಎಂಬುದು ಶಿಕ್ಷಕಿಯಾದ ನನ್ನ ಹಟ. ಕ್ರಾಫರ್ಡ್ ಮಾರ್ಕೆಟ್ ಬಳಿಯ ಜಾಮಿಯಾ ಮಸೀದಿ ನಿಂತಿರುವುದು ಒಂದು ಹಳೆಯ ಕೊಳದ ಮೇಲೆ. ನಮಾಝ್‌ಗೆ ಸ್ತ್ರೀಯರಿಗೆ ಸ್ಥಳವಿದೆಯೇ ಎಂದು ಹೋಗುವ ಪ್ರತಿಯೊಂದು ಮಸೀದಿಯಲ್ಲೂ ಮೊದಲೇ ವಿಚಾರಿಸಿ. ಕೇಳಲು ಸಂಕೋಚ ಬೇಡ.

ಶಾಪಿಂಗ್? ಅದು ಕೊನೆಯ ದಿನಕ್ಕಿರಲಿ.

ಉಮ್ಮನಿಗೀಗ ಮಂಡಿನೋವು. ಬರುವ ರಜೆಗೆ ಟಿಕೆಟ್ ಮಾಡಿಸಿದ್ದೇನೆ. ತಲುಪುವ ದಿನ ಹಿಜ್ರಿ 16. ನೀರು ಇಳಿಯುವುದು ಸಂಜೆಯ ಹೊತ್ತಿಗೆ. ಅಸರ್ ಮುಗಿಸಿ, ದಡದಲ್ಲಿ ಕುಳಿತುಕೊಳ್ಳಲು ಒಂದು ಮಡಚುವ ಸ್ಟೂಲ್ ಹಿಡಿದು ಹೊರಡುತ್ತೇವೆ, ಇನ್‌ಶಾ ಅಲ್ಲಾಹ್.