ಪಾದಳ್ಳಿ ಯಾವ ತಾಲ್ಲೂಕಿನಾಗ ಬರ್ತದ?

ಹೆಸರು ಬದಲಿಸಿಬಿಟ್ಟರೆ ಊರಿನ ಗುರುತು ಹತ್ತುವುದಿಲ್ಲ ಎಂಬ ನಂಬಿಕೆ ಕಾದಂಬರಿಕಾರರಲ್ಲಿ ಮಾತ್ರ ಉಳಿದಿದೆ.

ಜಮಖಂಡಿ ಸೀಮೆಯ ಹಿರೇಪಡಸಲಗಿಯಲ್ಲಿ ಹುಟ್ಟಿದ ಆರ್. ಬಿ. ಕುಲಕರ್ಣಿ, ‘ರಾವಬಹಾದ್ದೂರ’ ಎಂಬ ಹೆಸರಿನಲ್ಲಿ 1957ರಲ್ಲಿ ‘ಗ್ರಾಮಾಯಣ’ ಕೊಟ್ಟರು. ಕಾದಂಬರಿಯ ಊರು ಪಾದಳ್ಳಿ. ನಕಾಶೆಯಲ್ಲಿ ಹುಡುಕಿದರೆ ಸಿಗದು. ಓದಿದವರನ್ನು ಕೇಳಿದರೆ ಸಿಗುತ್ತದೆ. ಹುನಗುಂದದಲ್ಲಿ ಬೆಳೆದ, ಇದನ್ನು ಬರೆಯುತ್ತಿರುವ ಈ ಲೇಖಕನಿಗೆ ಅದು ಅಮೀನಗಡದ ಆಚೆ ಎಲ್ಲೋ ಇತ್ತು. ಬಾದಾಮಿಯ ಗೆಳೆಯನ ಪ್ರಕಾರ ಕೆರೂರಿನ ಮಗ್ಗುಲಿಗೆ. ಗೌಡಕಿಯ ಗತ್ತು, ಕಟ್ಟೆಯ ಮೇಲಿನ ಪಂಚಾಯಿತಿ, ಹಳೇ ಹಗೆ ಎಲ್ಲಿಲ್ಲ? ಹೀಗಾಗಿ ಪಾದಳ್ಳಿಯನ್ನು ಯಾವ ತಾಲ್ಲೂಕೂ ಬಿಟ್ಟುಕೊಡಲಿಲ್ಲ.

ಅಮೆರಿಕದ ಕಾದಂಬರಿಕಾರ ಥಾಮಸ್ ವುಲ್ಫ್‌ಗೆ ಈ ಸುಖ ಇರಲಿಲ್ಲ. 1900ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿ ಹುಟ್ಟಿದವನು. ಅಪ್ಪನದು ಸಮಾಧಿಕಲ್ಲು ಕೆತ್ತುವ ಅಂಗಡಿ.  ಅವ್ವ ಬಾಡಿಗೆ ಕೋಣೆಗಳ ಊಟ-ವಸತಿಗೃಹ ನಡೆಸುತ್ತಿದ್ದಳು. 1929ರ ‘ಲುಕ್ ಹೋಮ್‌ವರ್ಡ್, ಏಂಜೆಲ್’ನಲ್ಲಿ ಊರು ಆಲ್ಟಮಾಂಟ್ ಆಯಿತು, ಅವ್ವನ ಮನೆ ಡಿಕ್ಸಿಲ್ಯಾಂಡ್ ಆಯಿತು. ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಹಸ್ತಪ್ರತಿಯಲ್ಲಿ ಸಾಕಷ್ಟು ಕತ್ತರಿ ಆಡಿಸಿದ್ದರೂ ಊರಿನ ಮಂದಿಗೆ ಸಿಟ್ಟು ಬರಲು ಉಳಿದದ್ದೇ ಧಾರಾಳವಾಯಿತು. ವುಲ್ಫ್ 1937ರವರೆಗೆ ತನ್ನೂರಿಗೆ ಕಾಲಿಡಲಿಲ್ಲ. ಮರುವರ್ಷ, 38 ತುಂಬುವ ಮೊದಲೇ, ಕ್ಷಯ ಮಿದುಳಿಗೇರಿ ತೀರಿಕೊಂಡ. ಅವನು ಬಿಟ್ಟುಹೋದ ಬರಹದಿಂದ ತೆಗೆದ ‘ಯು ಕಾಂಟ್ ಗೋ ಹೋಮ್ ಅಗೇನ್’ 1940ರಲ್ಲಿ ಹೊರಬಂತು. ತನ್ನ ಬಗ್ಗೆ ಬರೆದ ಲೇಖಕನ ಮೇಲೆ ಊರು ಹೇಗೆ ಮುರಕೊಂಡು ಬೀಳುತ್ತದೆ ಎಂಬುದೇ ಅದರ ಒಂದು ಎಳೆ.

ಹುನಗುಂದದ ಈ ಲೇಖಕನೂ ಒಮ್ಮೆ ಕೈ ನೋಡಿಕೊಂಡಿದ್ದಾನೆ. ಇಳಕಲ್ಲಿನ ಅತ್ತೆಯ ಓಣಿ, ಮಗ್ಗದ ಸದ್ದು, ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವ ಹೆಣ್ಣುಮಕ್ಕಳ ಹರಟೆ, ಎಲ್ಲವನ್ನೂ ಹೆಸರು ತಿದ್ದಿ ಕಥೆ ಮಾಡಿದ. ಬೈಗುಳಕ್ಕೆ ತಯಾರಾಗಿಯೇ ಹೋದ. ಅತ್ತೆ ಚಹಾ ಕೊಟ್ಟು ಕೇಳಿದಳು: “ಯಾಕೋ ತಮ್ಮಾ, ಓಣಿ ಮಂದೀದೆಲ್ಲಾ ಬರದಿ, ನಂದೊಂದು ಯಾಕ ಬಿಟ್ಟಿ?”

ಬಾಗಲಕೋಟೆಯ ಕಥೆಯೇ ಬೇರೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೇ ಊರಿನ ಎಷ್ಟೋ ಓಣಿಗಳು ಮುಳುಗಡೆಯಾದವು. ಮಂದಿ ನವನಗರದ ಸೆಕ್ಟರುಗಳಿಗೆ ಹೋದರು. ವುಲ್ಫ್‌ನ ಅವ್ವನ ಮನೆ 1998ರಲ್ಲಿ ಬೆಂಕಿಗೆ ಸಿಕ್ಕರೂ ದುರಸ್ತಿಯಾಗಿ ಸ್ಮಾರಕವಾಗಿ ನಿಂತಿದೆ. ಕಾದಂಬರಿ ಓದಿದವರು ಹೋಗಿ ಕೋಣೆ ಕೋಣೆ ನೋಡಿ ಬರಬಹುದು. ಬಾಗಲಕೋಟೆಯಲ್ಲಿ ಮನೆಯ ಮುಂದೆ ಮನೆಯಿದ್ದವರೀಗ ಬೇರೆ ಬೇರೆ ಸೆಕ್ಟರಿನಲ್ಲಿದ್ದಾರೆ. ಮದುವೆ-ಮುಂಜಿವೆಗಳಲ್ಲಿ ಕೂಡಿದಾಗ ಯಾರ ಕಟ್ಟೆ ಎಲ್ಲಿತ್ತು, ಯಾರ ಅಂಗಡಿಯ ಮುಂದೆ ಬೇವಿನ ಗಿಡವಿತ್ತು ಎಂದು ವಾದಕ್ಕಿಳಿಯುತ್ತಾರೆ. ಈ ಲೇಖಕ ಬರೆದುಕೊಳ್ಳಲು ಕೂತರೆ ಹಿರಿಯರದು ಒಂದೇ ಕರಾರು: ಜಗಳ, ಸಾಲ, ಓಡಿಹೋದವರ ಸುದ್ದಿ, ಏನು ಬೇಕಾದರೂ ಬರಿ, ಓಣಿಯ ಹೆಸರು ಮಾತ್ರ ಬದಲಿಸಬೇಡ.