ಖಾರಘರದಿಂದ ಉರಣಕ್ಕೆ: ಒಂದು ವಾಸನೆಯ ಜಾಡು ಹಿಡಿದು



ವಿಶೇಷ ಸಂಚಿಕೆಗೆ ಒಂದು ಪ್ರವಾಸ ಲೇಖನ ಬರೆದುಕೊಡಿ ಎಂದು ಸಂಘದವರು ಫೋನ್ ಮಾಡಿದಾಗ ನನಗೆ ನಗು ಬಂತು. ಸಿಂಗಾಪುರ, ಸ್ವಿಟ್ಜರ್ಲೆಂಡ್ ನೋಡಿ ಬಂದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಾನು ಈಚೆಗೆ ಮಾಡಿದ ಪ್ರವಾಸವೆಂದರೆ ಖಾರಘರದಿಂದ ಉರಣಕ್ಕೆ. ಬೆಳಗ್ಗೆ ತಿಂಡಿ ಮುಗಿಸಿ ಹೊರಟವಳು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿದ್ದೆ. ಆದರೂ ಅದನ್ನೇ ಬರೆಯುತ್ತೇನೆ. ಆ ದಿನ ನಾನು ಕಲಿತದ್ದನ್ನು ಮುಖ್ಯವಾಗಿ ನಿಮಗೇ ಹೇಳಬೇಕಾಗಿದೆ.

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನಾನು ಮೊದಲು ಸಂಸಾರ ಹೂಡಿದ್ದು ಡೊಂಬಿವಲಿಯ ಒಂದು ಚಾಳಿನಲ್ಲಿ. ಖಾರಘರಕ್ಕೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಆಗ ಇಲ್ಲಿ ಕಟ್ಟಡಗಳಿಗಿಂತ ಖಾಲಿ ಪ್ಲಾಟುಗಳೇ ಹೆಚ್ಚು. ಸಿಡ್ಕೋದವರು ಸೆಕ್ಟರ್ ಸೆಕ್ಟರಾಗಿ ಗೆರೆ ಎಳೆದು ಕಟ್ಟಿದ ಊರು ಇದು. ಮಳೆಗಾಲದಲ್ಲಿ ಗುಡ್ಡದ ಮೇಲಿಂದ ಪಾಂಡವಕಡಾ ಜಲಪಾತ ಧುಮುಕುವುದನ್ನು ನೋಡಿದರೆ ನನಗೆ ಇಂದಿಗೂ ನಮ್ಮ ಘಟ್ಟದ ನೆನಪಾಗುತ್ತದೆ. ಉತ್ಸವ ಚೌಕ, ಸೆಂಟ್ರಲ್ ಪಾರ್ಕ್, 2023ರ ನವೆಂಬರ್‌ನಲ್ಲಿ ಓಡತೊಡಗಿದ ಮೆಟ್ರೋ, ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ರಸ್ತೆಯ ಅಂಚಿನಲ್ಲಿ, ಕೆಳಗೆ ಗ್ಯಾಸಿನ ಕೊಳವೆ ಇದೆ, ಅಗೆಯಬೇಡಿ ಎಂದು ಹೇಳುವ ಗುರುತಿನ ಕಲ್ಲುಗಳನ್ನು ಎಂದಾದರೂ ನಿಂತು ನೋಡಿದ್ದೀರಾ? ನಾನೂ ನೋಡಿರಲಿಲ್ಲ, ನಮ್ಮ ಮನೆಯಲ್ಲಿ ಆ ಒಂದು ಘಟನೆ ನಡೆಯುವ ತನಕ.

ಅದು ಚೌತಿಯ ಸಮಯ. ಮನೆ ತುಂಬ ನೆಂಟರು. ಎರಡು ದಿನಗಳಿಂದ ನಾನು ಒಲೆಯ ಬಳಿಯಿಂದ ಕದಲಿರಲಿಲ್ಲ. ಪುಣೆಯಲ್ಲಿ ಕೆಲಸ ಮಾಡುವ ಮಗಳು ಚಪ್ಪಲಿ ಬಿಡುವ ಮೊದಲೇ, "ಅಮ್ಮಾ, ಗ್ಯಾಸ್ ವಾಸನೆ ಬರ್ತಾ ಇದೆ" ಎಂದಳು. "ಏನೂ ಇಲ್ಲ ಮಾರಾಯ್ತಿ, ಇಂಗಿನ ಒಗ್ಗರಣೆ ಅದು" ಎಂದೆ ನಾನು. ಅವಳು ನನ್ನ ಮಾತು ಕೇಳಲಿಲ್ಲ. ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆರೆದು, ಸಾಬೂನಿನ ನೀರನ್ನು ಒಲೆಯ ಹಿಂದಿನ ರಬ್ಬರ್ ಕೊಳವೆಗೆ ಹಚ್ಚಿದಳು. ಒಂದು ಕಡೆ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಕೂದಲೆಳೆಯಷ್ಟು ಬಿರುಕು. ಬದಲಾಯಿಸಬೇಕಾದ ಅವಧಿ ಮೀರಿದ್ದರೂ ನಾನೇ ಆ ಕೊಳವೆಯನ್ನು ಹಾಗೇ ಬಿಟ್ಟಿದ್ದೆ. ಪೂಜೆಗೆ ಬಂದ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ವಾಸನೆ ತಿಳಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮೆಟ್ಟಿಲಲ್ಲಿ ಸಿಕ್ಕಿದ ಕೆಳಮಾಳಿಗೆಯ ಕಾಕಾರಿಗೆ ಇದನ್ನು ಹೇಳಿದೆ. ಅವರು ಉರಣದ ಕಡೆಯವರು, ಮರಾಠಿ ಮನೆಮಾತು. ತೈಲದ ಕೊಳವೆಗಳ ಮೇಲೆ ಕಾವಲು ನಡೆಯುವ ಲೈನ್‌ಮನ್ ಆಗಿದ್ದು ನಿವೃತ್ತರಾದವರು. "ವಹಿನಿ, ನಿಮ್ಮ ಮೂಗು ಕೆಟ್ಟಿಲ್ಲ" ಎಂದರು. "ಒಳಗೇ ಇದ್ದವರ ಮೂಗಿಗೆ ವಾಸನೆ ಬೇಗ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರಿಗೇ ಗೊತ್ತಾಗುವುದು. ಒಂದು ದಿನ ನಮ್ಮ ಊರಿಗೆ ಬನ್ನಿ, ತೋರಿಸುತ್ತೇನೆ." ಹೀಗೆ ಹೊರಟಿತು ನಮ್ಮ ಪ್ರವಾಸ. ಕಾಕಾ, ನಾನು, ನನ್ನ ಮಗಳು.

ಖಾರಘರದಿಂದ ಬೇಲಾಪುರ ಒಂದೇ ಸ್ಟೇಷನ್. ಅಲ್ಲಿ ಇಳಿದು ಉರಣದ ಗಾಡಿ ಹಿಡಿಯಬೇಕು. ಈ ಮಾರ್ಗ 2018ರಲ್ಲಿ ಖಾರಕೋಪರ್ ತನಕ ಬಂದಿತ್ತು. ಉರಣದ ತನಕ ಪೂರ್ತಿಯಾಗಿ ತೆರೆದದ್ದು 2024ರ ಜನವರಿ 12ರಂದು, ಅಟಲ್ ಸೇತುವಿನ ಉದ್ಘಾಟನೆಯಾದ ದಿನವೇ. ಕಿಟಕಿಯ ಹೊರಗೆ ಒಂದು ಕಡೆ ಕಾಂಡ್ಲಾ ಗಿಡಗಳ ಹಸಿರು, ಕೆಸರು ನೀರು, ಕೊಕ್ಕರೆಗಳು. ಇನ್ನೊಂದು ಕಡೆ ನ್ಹಾವಾ ಶೇವಾ ಬಂದರಿನ ಕಂಟೇನರ್ ಪೆಟ್ಟಿಗೆಗಳ ರಾಶಿ. ಉಪ್ಪುನೀರಿನ ವಾಸನೆ ಬಂದೊಡನೆ ನನ್ನ ಕರಾವಳಿಯ ಜೀವ ಅರಳಿತು. ಚಹಾ ಕುಡಿದು, ರಿಕ್ಷಾ ಹಿಡಿದು ಪೀರವಾಡಿಯ ಸಮುದ್ರ ತೀರಕ್ಕೆ ಹೋದೆವು.

ಮಕ್ಕಳೇ, ನಮ್ಮ ಮುಂಬಯಿಯ ಕಚ್ಚಾ ತೈಲದ ಕಥೆ ಇಲ್ಲಿ ನೆಲ ಮುಟ್ಟುತ್ತದೆ. ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈಯಲ್ಲಿ 1974ರಲ್ಲಿ 'ಸಾಗರ ಸಾಮ್ರಾಟ್' ಎಂಬ ರಿಗ್ ತೈಲ ಕಂಡುಹಿಡಿಯಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲು ಹಡಗುಗಳಲ್ಲಿ ತರುತ್ತಿದ್ದರು. ಅನಂತರ ಸಮುದ್ರದ ತಳದಲ್ಲಿ ಸುಮಾರು 200 ಕಿಲೋಮೀಟರ್ ಉದ್ದದ ಕೊಳವೆ ಹಾಕಿ ಉರಣಕ್ಕೆ ತಂದರು. ಇಲ್ಲಿಂದ ಮತ್ತೆ ಕೊಳವೆಯಲ್ಲೇ ತೈಲ ಟ್ರಾಂಬೆಯ ರಿಫೈನರಿಗಳಿಗೆ ಹೋಗುತ್ತದೆ.

"ಇಷ್ಟು ಉದ್ದದ ಕೊಳವೆ ಎಲ್ಲಾದರೂ ಸೋರಿದರೆ ಕಂಪ್ಯೂಟರ್ ಹೇಳುವುದಿಲ್ಲವೇ?" ಎಂದು ಮಗಳು ಕೇಳಿದಳು. ಅವಳು ಇಂಜಿನಿಯರ್. ಕಾಕಾ ನಕ್ಕು ಮರಳಿನಲ್ಲಿ ಕೋಲಿನಿಂದ ಉದ್ದ ಗೆರೆ ಎಳೆದರು.

ಕೊಳವೆಯ ಈ ತುದಿಯಲ್ಲಿ ಎಷ್ಟು ತೈಲ ಹೊಕ್ಕಿತು, ಆ ತುದಿಯಲ್ಲಿ ಎಷ್ಟು ಹೊರಬಂತು ಎಂದು ಕಂಪ್ಯೂಟರ್ ಸದಾ ತಾಳೆ ನೋಡುತ್ತದೆ. ಒತ್ತಡ ಥಟ್ಟನೆ ಇಳಿದರೆ ಗಂಟೆ ಬಾರಿಸುತ್ತದೆ. ಕೊಳವೆ ಒಡೆದರೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಆದರೆ ಸೂಜಿಮೊನೆಯಷ್ಟು ತೂತಾದರೆ? ಹಾಲಿನವನ ಲೆಕ್ಕ ನೆನಪು ಮಾಡಿಕೊಳ್ಳಿ. ತಿಂಗಳಿಗೆ ಮೂವತ್ತು ಲೀಟರ್ ಹಾಲಿನಲ್ಲಿ ಅರ್ಧ ಲೋಟ ಕಡಿಮೆಯಾದರೆ ಯಾವ ಗೃಹಿಣಿಗೂ ತಿಳಿಯುವುದಿಲ್ಲ. ಅಳತೆಯ ಮೀಟರುಗಳಿಗೂ ಅಷ್ಟಿಷ್ಟು ತಪ್ಪು ಇದ್ದೇ ಇರುತ್ತದೆ. ದಿನಕ್ಕೆ 10 ಲಕ್ಷ ಲೀಟರ್ ಹರಿಯುವ ಕೊಳವೆಯಲ್ಲಿ ನೂರಕ್ಕೆ ಒಂದು ಪಾಲು ಆ ತಪ್ಪಿನಲ್ಲಿ ಅಡಗಿಕೊಂಡರೂ ಅದು 10 ಸಾವಿರ ಲೀಟರ್! ಗಂಟೆ ಬಾರಿಸದೆ, ಸದ್ದು ಮಾಡದೆ, ದಿನವೂ.

ಹಾಗಾದರೆ ಸಣ್ಣ ಸೋರಿಕೆ ಹೇಗೆ ತಿಳಿಯುತ್ತದೆ? ಒಂದು ಉಪಾಯದ ಹೆಸರು ಕೇಳಿದರೆ ನಗುತ್ತೀರಿ. 'ಪಿಗ್' ಎಂಬ ಯಂತ್ರವನ್ನು ಕೊಳವೆಯೊಳಗೆ ಬಿಡುತ್ತಾರೆ. ತೈಲವೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಅದರ ಮೈಯಲ್ಲಿ ಆಯಸ್ಕಾಂತಗಳೂ ಸೂಕ್ಷ್ಮ ಉಪಕರಣಗಳೂ ಇರುತ್ತವೆ. ಕೊಳವೆಯ ಗೋಡೆ ತುಕ್ಕು ಹಿಡಿದು ತೆಳ್ಳಗಾದ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಅಂದರೆ ಸೋರುವ ಮೊದಲೇ ರೋಗ ಪತ್ತೆಯಾಗಬಹುದು. ಈಚೆಗೆ ಕೊಳವೆಯ ಪಕ್ಕದಲ್ಲೇ ಗಾಜಿನ ಎಳೆಯ ಕೇಬಲ್ ಹಾಕಿ, ಮಣ್ಣಿನ ಕಂಪನವನ್ನೂ ಬಿಸಿಯನ್ನೂ ಅಳೆಯುವುದುಂಟು. ಆದರೆ ಪಿಗ್ ದಿನವೂ ಓಡುವುದಿಲ್ಲ. ದಿನವೂ ಓಡಾಡುವವನು ಲೈನ್‌ಮನ್.

"ನಡೆದದ್ದಕ್ಕೆ ಸಂಬಳ ತೆಗೆದುಕೊಂಡವನು ನಾನು" ಎಂದರು ಕಾಕಾ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್, ಬಿಸಿಲಾಗಲಿ ಮಳೆಯಾಗಲಿ. ಹಸಿರು ಹುಲ್ಲಿನ ನಡುವೆ ಒಂದೇ ಕಡೆ ಒಣಗಿದ ತೇಪೆ ಕಂಡರೆ ನಿಲ್ಲಬೇಕು. ನಿಂತ ನೀರಿನ ಮೇಲೆ ನವಿಲುಗರಿಯ ಬಣ್ಣ ಹರಡಿದ್ದರೆ ನಿಲ್ಲಬೇಕು. ಯಾರೋ ಹೊಸದಾಗಿ ಮಣ್ಣು ಅಗೆದಿದ್ದರೆ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯಲ್ಲಿ ಸಿಗುವ ಗದ್ದೆಯವರ, ಮೀನಿನವರ ಮಾತು ಕೇಳಬೇಕು. "ನನ್ನ ತಾಯಿ ಮೀನು ತೊಳೆಯುವಾಗಲೇ ಹೇಳುತ್ತಿದ್ದಳು, ಇವತ್ತಿನ ಮೀನಿಗೆ ಎಣ್ಣೆ ವಾಸನೆ ಇದೆ ಎಂದು. ಅವಳಿಗೆ ಯಾವ ಮೀಟರೂ ಇರಲಿಲ್ಲ."

ಈ ಮಾತು ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಈ ತೀರ ಕಂಡದ್ದು ಸ್ವಲ್ಪವಲ್ಲ. 2011ರ ಜನವರಿಯಲ್ಲಿ ಸಮುದ್ರದೊಳಗಿನ ಮುಂಬಯಿ-ಉರಣ ಕೊಳವೆ ಸೋರಿತು. 2013ರ ಅಕ್ಟೋಬರ್‌ನಲ್ಲಿ ಉರಣದ ತೀರಕ್ಕೆ ತೈಲ ಹರಿಯಿತು. 2023ರ ಸೆಪ್ಟೆಂಬರ್‌ನಲ್ಲಿ ನಾವು ನಿಂತಿದ್ದ ಈ ಪೀರವಾಡಿಯ ಮರಳೇ ಕಪ್ಪಾಯಿತು. 2019ರ ಸೆಪ್ಟೆಂಬರ್ 3ರ ಬೆಳಗ್ಗೆ ಇಲ್ಲಿನ ಸ್ಥಾವರದ ಮಳೆನೀರಿನ ಚರಂಡಿಯಲ್ಲಿ ಹತ್ತಿಕೊಂಡ ಬೆಂಕಿ ನಾಲ್ವರ ಪ್ರಾಣ ತೆಗೆದುಕೊಂಡಿತು. ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲೆ ಚಾಚಿದ ಬೇರುಗಳಿಂದ ಉಸಿರಾಡುತ್ತವೆ. ಎಣ್ಣೆ ಆ ಬೇರುಗಳನ್ನು ಮೆತ್ತಿಕೊಂಡರೆ ಗಿಡ ಉಸಿರುಕಟ್ಟಿ ಸಾಯುತ್ತದೆ. ಗಿಡದ ಬುಡದಲ್ಲಿ ಬೆಳೆಯುವ ಏಡಿ, ಸಿಗಡಿಗಳೂ ಹೋಗುತ್ತವೆ. ಆಮೇಲೆ ಮೀನುಗಾರನ ಬುಟ್ಟಿ.

ಸೋರಿಕೆ ಸಿಕ್ಕಿದ ಮೇಲೆ ದುರಸ್ತಿ ಹೇಗೆ ಎಂದು ನಾನು ಕೇಳಿದೆ. ಮೊದಲು ಆ ಜಾಗದ ಎರಡೂ ಬದಿಯ ವಾಲ್ವ್ ಮುಚ್ಚುತ್ತಾರೆ, ಅಥವಾ ಒತ್ತಡ ಇಳಿಸುತ್ತಾರೆ. ಸುತ್ತಲಿನವರನ್ನು ದೂರ ಕಳುಹಿಸುತ್ತಾರೆ. ಗಾಳಿಯಲ್ಲಿ ಗ್ಯಾಸ್ ಎಷ್ಟಿದೆ ಎಂದು ಅಳೆಯುತ್ತಾರೆ. ಅನಂತರ ಕಿಡಿ ಹಾರದ ಸಲಕರಣೆಗಳಿಂದ, ಕೈಯಿಂದಲೇ ಮೆಲ್ಲಗೆ ಅಗೆಯುತ್ತಾರೆ. ತೂತು ಸಣ್ಣದಾದರೆ ರಬ್ಬರ್ ಒಳಪದರವಿರುವ ಎರಡು ಉಕ್ಕಿನ ಅರ್ಧಬಳೆಗಳನ್ನು ಕೊಳವೆಗೆ ತೊಡಿಸಿ ಬೋಲ್ಟ್ ಬಿಗಿಯುತ್ತಾರೆ. ಇದು ತಾತ್ಕಾಲಿಕ. ಶಾಶ್ವತ ದುರಸ್ತಿಗೆ ಉಕ್ಕಿನ ಕವಚವನ್ನು ಸುತ್ತಿ ಬೆಸುಗೆ ಹಾಕುತ್ತಾರೆ, ಇಲ್ಲವೇ ಆ ತುಂಡನ್ನೇ ಕತ್ತರಿಸಿ ಹೊಸದನ್ನು ಜೋಡಿಸುತ್ತಾರೆ. ಮೂಳೆ ಮುರಿದಾಗ ತೆಗೆಯುವ ಹಾಗೆ ಬೆಸುಗೆಗೂ ಎಕ್ಸ್‌ರೇ ತೆಗೆಯುವುದುಂಟು! ಕೊನೆಗೆ ತುಕ್ಕು ಹಿಡಿಯದಂತೆ ಮತ್ತೆ ಲೇಪ ಹಚ್ಚಿ, ಮಣ್ಣು ಮುಚ್ಚುತ್ತಾರೆ. ಎಣ್ಣೆ ಕುಡಿದ ಮಣ್ಣನ್ನು ಬೇರೆಯಾಗಿ ಒಯ್ದು ಶುದ್ಧ ಮಾಡಬೇಕು. ಸಮುದ್ರದ ತಳದಲ್ಲಾದರೆ ಮುಳುಗುಗಾರರೇ ಇಳಿಯಬೇಕಾಗುತ್ತದೆ.

"ತೂತು ಮುಚ್ಚುವುದು ಕಷ್ಟವಲ್ಲ ವಹಿನಿ. ತೂತು ಇದೆ ಎಂದು ಒಪ್ಪಿಸುವುದೇ ಕಷ್ಟ" ಎಂದರು ಕಾಕಾ. ಒಮ್ಮೆ ಅವರು ಒಣಗಿದ ಹುಲ್ಲು ಕಂಡು ವರದಿ ಕೊಟ್ಟರಂತೆ. ಮೇಲಿನವರು ಮೀಟರ್ ನೋಡಿ, ಎಲ್ಲ ಸರಿಯಿದೆ ಎಂದರಂತೆ. ಮರುದಿನವೂ ವರದಿ ಕೊಟ್ಟರು. ಮೂರನೆಯ ದಿನ ಅಗೆದಾಗ ಕೆಳಗಿನ ಮಣ್ಣು ಕಪ್ಪಾಗಿತ್ತು. ನನಗೆ ಚೌತಿಯ ದಿನ ನಾನು ಹೇಳಿದ ಇಂಗಿನ ಒಗ್ಗರಣೆ ನೆನಪಾಯಿತು. ಮಗಳು ನನ್ನ ಮುಖ ನೋಡಿ ಮುಗುಳ್ನಕ್ಕಳು. ಪುಣ್ಯಕ್ಕೆ ಏನೂ ಹೇಳಲಿಲ್ಲ.

ಹಿಂದಿರುಗುವ ಗಾಡಿಯಲ್ಲಿ ನನಗೆ ತವರಿನ ನೆನಪು. ಬಂಟ್ವಾಳ ತಾಲೂಕಿನ ನಮ್ಮ ಗದ್ದೆಯ ಅಡಿಯಲ್ಲೂ ಒಂದು ಕೊಳವೆ ಹಾದುಹೋಗಿದೆ. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿನ ಬಳಿಗೆ ಪೆಟ್ರೋಲು, ಡೀಸೆಲು ಒಯ್ಯುವ 362 ಕಿಲೋಮೀಟರ್ ಉದ್ದದ ಕೊಳವೆ ಅದು. 2003ರಲ್ಲಿ ಆರಂಭವಾಯಿತು. 1962ರ ಕಾಯಿದೆಯ ಪ್ರಕಾರ ಭೂಮಿ ನಮ್ಮದೇ, ಉಳಬಹುದು, ಬಿತ್ತಬಹುದು. ಆದರೆ ಕೊಳವೆಯ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ ಹಾಕಲಾಗದೆ ಅಪ್ಪಯ್ಯ ವರ್ಷಗಟ್ಟಲೆ ಗೊಣಗಿದರು. ಆದರೂ ಲೈನ್ ನೋಡಲು ಬರುವ ಹುಡುಗನಿಗೆ ಮಜ್ಜಿಗೆ ಕೊಡದೆ ಕಳುಹಿಸುತ್ತಿರಲಿಲ್ಲ. 2021ರಲ್ಲಿ ಬಂಟ್ವಾಳದ ಕಡೆ ಇದೇ ಕೊಳವೆಗೆ ಕನ್ನ ಹಾಕಿ ಡೀಸೆಲ್ ಕದಿಯುತ್ತಿದ್ದದ್ದು ಬಯಲಾದಾಗ, ಅಂಗಳದಲ್ಲಿ ಮಜ್ಜಿಗೆ ಕುಡಿದು ಹೋಗುವ ಆ ಹುಡುಗನ ಬೆಲೆ ನಮಗೆಲ್ಲ ತಿಳಿಯಿತು.

ಮನೆಗೆ ಬಂದು ಒಲೆ ಹಚ್ಚುವ ಮೊದಲು ಮಗಳು ಇನ್ನೊಂದು ವಿಷಯ ಹೇಳಿದಳು. ಕೊಳವೆಯ ಗ್ಯಾಸಿಗೆ ತನ್ನದೇ ವಾಸನೆ ಇಲ್ಲವಂತೆ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಯಾರಿಗೂ ತಿಳಿಯದೆ ಸೋರಿದ ಗ್ಯಾಸ್ ಸ್ಫೋಟಿಸಿ ಮುನ್ನೂರರ ಹತ್ತಿರ ಜನ, ಹೆಚ್ಚಿನವರು ಮಕ್ಕಳೇ, ಸತ್ತರು. ಆ ದುರಂತದ ಬಳಿಕವೇ ಅಲ್ಲಿ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಬೇಕೆಂಬ ಕಾನೂನು ಬಂತು. ನಮ್ಮ ಅಡುಗೆಮನೆಯ ಆ ದುರ್ವಾಸನೆ ನಮ್ಮನ್ನು ಎಚ್ಚರಿಸಲೆಂದೇ ಬೆರೆಸಿದ್ದು. ಆದರೆ ಎಚ್ಚರಿಸುವ ವಾಸನೆ ಇದ್ದರೆ ಸಾಲದು. ವಾಸನೆ ಬರುತ್ತಿದೆ ಎನ್ನುವವರ ಮಾತನ್ನು ಕೇಳುವ ಕಿವಿಯೂ ಬೇಕು.

ಮಕ್ಕಳೇ, ನೀವು ಇಲ್ಲೇ ಹುಟ್ಟಿ ಬೆಳೆದವರು. ನಿಮಗೆ ಕನ್ನಡ ಸರಿಯಾಗಿ ಬರುವುದಿಲ್ಲ, ಊರಿನ ಕ್ರಮ ಗೊತ್ತಿಲ್ಲ ಎಂದು ನಾವು ಹಿರಿಯರು ಸಭೆಯಲ್ಲೂ ಮನೆಯಲ್ಲೂ ಹೇಳುತ್ತಲೇ ಇರುತ್ತೇವೆ. ಆದರೆ ಒಳಗೇ ಇದ್ದು ನಮ್ಮ ಮೂಗು ಒಗ್ಗಿಹೋಗಿರುವ ವಿಷಯಗಳು ಎಷ್ಟೋ ಇವೆ. ಮನೆಯಲ್ಲಾಗಲಿ ಸಂಘದಲ್ಲಾಗಲಿ ಏನಾದರೂ ಸಣ್ಣಗೆ ಸೋರುತ್ತಿದೆ ಎಂದು ನಿಮಗೆ ಅನ್ನಿಸಿದರೆ, ತಪ್ಪು ಕನ್ನಡದಲ್ಲಾದರೂ ಸರಿ, ಹೇಳಿಬಿಡಿ. ನಾವು ಇಂಗಿನ ಒಗ್ಗರಣೆ ಎಂದರೆ ಮರುದಿನ ಮತ್ತೊಮ್ಮೆ ಹೇಳಿ.

ಅಂದ ಹಾಗೆ, ಇವತ್ತೇ ನಿಮ್ಮ ಅಡುಗೆಮನೆಯ ರಬ್ಬರ್ ಕೊಳವೆಯ ಮೇಲಿನ ತಾರೀಕು ನೋಡಿ. ಅಮ್ಮನನ್ನು ಕೇಳಬೇಡಿ, ನೀವೇ ಬಗ್ಗಿ ನೋಡಿ.