ಸಾಕ್ರಮೆಂಟೊ ನಗರದಲ್ಲಿ ಕೇಳಿದ ವಾದ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಸೌಧಗಳನ್ನೂ ಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ಅದು ಸರಿಯೇ. ಆದರೆ ಒಂದೂರಿನ ಜನರ ಮನಸ್ಸನ್ನು ಅರಿಯಬೇಕಾದರೆ ಅವರು ಯಾವ ವಿಷಯಕ್ಕಾಗಿ ವ್ಯಾಜ್ಯವಾಡುವರೆಂಬುದನ್ನು ಕಿವಿಗೊಟ್ಟು ಕೇಳಬೇಕೆಂದು ನಮಗೆ ತೋರುವುದು. ೨೦೨೩ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ನಾವು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದ ರಾಜಧಾನಿಯಾದ ಸಾಕ್ರಮೆಂಟೊ ನಗರದಲ್ಲಿ ಕೆಲವು ವಾರ ತಂಗಿದ್ದೆವು. ನಮ್ಮ ತಂಗಿಯ ಮಗನು ಅಲ್ಲಿ ಸಂಸಾರಸಮೇತನಾಗಿ ನೆಲಸಿರುವನು. ನಾವು ಹೋದ ಕಾಲಕ್ಕೆ ಊರಿಗೆ ಊರೇ ಒಂದು ಚೆಂಡಾಟದ ಚರ್ಚೆಯಲ್ಲಿ ಮುಳುಗಿದ್ದಿತು.

ಮೊದಲು ಊರಿನ ಮಾತನ್ನು ಹೇಳಿಬಿಡುವೆವು. ಸಾಕ್ರಮೆಂಟೊ, ಅಮೆರಿಕನ್ ಎಂಬ ಎರಡು ನದಿಗಳು ಕೂಡುವ ಸಂಗಮಸ್ಥಳದಲ್ಲಿ ಈ ನಗರವಿರುವುದು. ೧೮೪೮ರಲ್ಲಿ ಇಲ್ಲಿಗೆ ಪೂರ್ವದಲ್ಲಿರುವ ಕೊಲೋಮಾ ಎಂಬಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿ ದೇಶದೇಶಗಳ ಜನರು ನುಗ್ಗಿಬಂದಾಗ ಊರು ಬೆಳೆಯಿತು. ಹಳೆಯ ಪೇಟೆಯಲ್ಲಿ ಈಗಲೂ ಹಲಗೆ ಹಾಸಿದ ಕಾಲುದಾರಿಗಳುಂಟು. ನದಿಯ ಮೇಲೆ ೧೯೩೫ರಲ್ಲಿ ಕಟ್ಟಿದ ಸೇತುವೆಯೊಂದು ಹೊನ್ನಿನ ಬಣ್ಣದಲ್ಲಿ ಹೊಳೆಯುವುದು. ಬೀದಿಬೀದಿಗೂ ಮರಗಳು, ಬಿಸಿಲಿನ ಊರಾದರೂ ನೆರಳಿಗೆ ಕೊರತೆಯಿಲ್ಲ. ಆದರೆ ಒಂದು ಕಡೆ ಸ್ಯಾನ್ ಫ್ರಾನ್ಸಿಸ್ಕೊ, ಇನ್ನೊಂದು ಕಡೆ ಲಾಸ್ ಏಂಜಲೀಸ್, ಇವೆರಡು ಮಹಾನಗರಗಳ ಪ್ರಭೆಯಲ್ಲಿ ಈ ರಾಜಧಾನಿಯು, ದೊಡ್ಡಮನೆಯಲ್ಲಿ ಮಾತು ಕಡಮೆಯಾದ ನಡುವಲ ಮಗನಂತೆ, ಮರೆಯಾಗಿಯೇ ಇರುವುದು.

ಈ ಊರಿಗೆ ತನ್ನದೆಂದು ಹೇಳಿಕೊಳ್ಳಲು ಇರುವ ದೊಡ್ಡ ತಂಡ ಒಂದೇ. ಅದು ಕಿಂಗ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ. ಬಾಸ್ಕೆಟ್‌ಬಾಲ್ ಆಟವನ್ನು ನಮ್ಮ ಶಾಲೆಗಳ ಅಂಗಳದಲ್ಲಿಯೂ ವಾಚಕರು ನೋಡಿರಬಹುದು. ೧೮೯೧ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಇದನ್ನು ಆರಂಭಿಸಿದರು. ಮೇಷ್ಟರೊಬ್ಬರ ಸೃಷ್ಟಿಯಾದುದರಿಂದ ನಮಗೆ ಇದರಲ್ಲಿ ಒಂದಿಷ್ಟು ಅಭಿಮಾನವೂ ಉಂಟು. ಪಕ್ಷಕ್ಕೆ ಐವರು ಆಡುವರು; ಹತ್ತು ಅಡಿ ಎತ್ತರದ ಬಳೆಯೊಳಕ್ಕೆ ಚೆಂಡನ್ನು ಹಾಕಬೇಕು. ಎದುರಾಳಿಯನ್ನು ನ್ಯಾಯವಲ್ಲದ ರೀತಿಯಲ್ಲಿ ತಾಕಿದರೆ ಅದು ಫೌಲ್. ಆಗ ನೊಂದವನಿಗೆ ಯಾರ ಅಡ್ಡಿಯೂ ಇಲ್ಲದೆ ಹದಿನೈದು ಅಡಿ ದೂರದಿಂದ ಎಸೆಯುವ ಅವಕಾಶ ಸಿಕ್ಕಬಹುದು. ಇದಕ್ಕೆ ಫ್ರೀ ಥ್ರೋ ಎಂದು ಹೆಸರು, ಬಿದ್ದರೆ ಒಂದು ಅಂಕ. ಯಾವುದು ನ್ಯಾಯವಾದ ತಾಕು, ಯಾವುದು ಅಲ್ಲವೆಂಬುದನ್ನು ಮೂವರು ತೀರ್ಪುಗಾರರು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ನಿರ್ಣಯಿಸಬೇಕು. ಸಮಸ್ತ ವ್ಯಾಜ್ಯಕ್ಕೂ ಬೀಜವು ಇಲ್ಲಿಯೇ ಇರುವುದು.

ಕಿಂಗ್ಸ್ ತಂಡವು ೧೯೮೫ರಲ್ಲಿ ಕ್ಯಾನ್ಸಸ್ ಸಿಟಿಯಿಂದ ಈ ಊರಿಗೆ ಬಂದಿತು. ೨೦೧೩ರಲ್ಲಿ ಅದನ್ನು ಸಿಯಾಟಲ್ ನಗರಕ್ಕೆ ಒಯ್ಯುವ ಯತ್ನ ನಡೆದಾಗ, ಮುಂಬಯಿಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆಯವರ ಮುಂದಾಳುತನದಲ್ಲಿ ಕೆಲವರು ಕೂಡಿ ಕೊಂಡು ಊರಿನಲ್ಲಿಯೇ ಉಳಿಸಿದರು. ೨೦೦೬ರಿಂದ ಮೊದಲುಗೊಂಡು ಹದಿನಾರು ಋತುಗಳ ಕಾಲ ತಂಡವು ಅಂತಿಮ ಸುತ್ತುಗಳಾದ ಪ್ಲೇಆಫ್ ಪಂದ್ಯಗಳನ್ನು ಮುಟ್ಟಲಾರದೆ, ೨೦೨೩ರಲ್ಲಿ ಮತ್ತೆ ಮುಟ್ಟಿತು. ಎದುರಾಳಿಗಳು ಹಿಂದಿನ ವರ್ಷದ ಚಾಂಪಿಯನ್ನರೂ ನೆರೆಯೂರಿನವರೂ ಆದ ಸ್ಯಾನ್ ಫ್ರಾನ್ಸಿಸ್ಕೊ ನಗರದ ವಾರಿಯರ್ಸ್. ಏಳು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದವರು ಮುಂದಕ್ಕೆ ಹೋಗುವರು. ಪ್ರತಿ ವಿಜಯದ ರಾತ್ರಿಯೂ ಪೇಟೆಯ ನಡುವೆ ಇರುವ ಕ್ರೀಡಾಮಂದಿರದ ಮಾಳಿಗೆಯಿಂದ ನೇರಳೆಬಣ್ಣದ ಬೆಳಕಿನ ಕಂಬವೊಂದನ್ನು ಆಕಾಶಕ್ಕೆ ಬಿಡುವರು. ಅದನ್ನು ನೋಡಲು ಮಕ್ಕಳನ್ನು ಹೆಗಲಮೇಲೆ ಕೂರಿಸಿಕೊಂಡು ಬಂದ ತಂದೆಯರನ್ನು ನಾವು ಕಂಡೆವು.

ಏಪ್ರಿಲ್ ೧೭ರ ಎರಡನೆಯ ಪಂದ್ಯದಲ್ಲಿ ಕಿಂಗ್ಸ್ ತಂಡದ ಸಬೋನಿಸ್ ಎಂಬಾತನು ನೆಲಕ್ಕೆ ಬಿದ್ದವನು, ವಾರಿಯರ್ಸ್ ತಂಡದ ಡ್ರೇಮಂಡ್ ಗ್ರೀನನ ಕಾಲನ್ನು ಹಿಡಿದನು. ಗ್ರೀನನು ಅವನ ಎದೆಯ ಮೇಲೆ ಕಾಲಿಟ್ಟು ತುಳಿದು ಓಡಿದನು. ತೀರ್ಪುಗಾರರು ಚಿತ್ರಪಟವನ್ನು ಮತ್ತೆ ಮತ್ತೆ ನೋಡಿ ಗ್ರೀನನನ್ನು ಹೊರಕ್ಕೆ ಕಳುಹಿಸಿದರು; ಸಬೋನಿಸನಿಗೂ ಒಂದು ದಂಡ ವಿಧಿಸಿದರು. ಮರುದಿನ ಆಡಳಿತದವರು ಗ್ರೀನನು ಮೂರನೆಯ ಪಂದ್ಯವನ್ನಾಡಕೂಡದೆಂದು ಆಜ್ಞೆ ಮಾಡಿದರು.

ಆ ವಾರ ನಮ್ಮ ಸೋದರಳಿಯನ ಮನೆಯ ಹಿತ್ತಿಲಿನಲ್ಲಿ ನಡೆದ ಚರ್ಚೆಯು ನಮಗೆ ಮರೆಯದು. ಅವನು ಕಿಂಗ್ಸ್ ಪಕ್ಷ. ಅವನ ಸ್ನೇಹಿತನೊಬ್ಬನು, ಮೈಸೂರಿನವನೇ, ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಬಂದಿದ್ದವನು, ವಾರಿಯರ್ಸ್ ಪಕ್ಷ.

“ಕಾಲು ಹಿಡಿದವನದು ತಪ್ಪಲ್ಲವೇ? ಹಿಡಿಯದಿದ್ದರೆ ತುಳಿಯುತ್ತಿದ್ದನೇ?” ಎಂದು ಸ್ನೇಹಿತನು ಕೇಳಿದನು.

“ಹಿಡಿದ ತಪ್ಪಿಗೆ ದಂಡವಾಯಿತಲ್ಲಪ್ಪ. ಎದೆ ತುಳಿದದ್ದಕ್ಕೆ ಬೇರೆ ಲೆಕ್ಕ ಬೇಡವೇ? ಮಾವ, ನೀವೇ ಹೇಳಿ,” ಎಂದು ನಮ್ಮವನು ನಮ್ಮ ಕಡೆ ತಿರುಗಿದನು.

ನಾವು ತಟಸ್ಥರಾಗಿಯೇ ಉಳಿದೆವು. ನಮ್ಮ ನ್ಯಾಯಶಾಸ್ತ್ರದಲ್ಲಿ ಮಾತಿನ ಕಾಳಗವನ್ನು ಮೂರು ವಿಧವಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯುವುದಕ್ಕಾಗಿ ಆಡುವುದು ವಾದ. ಗೆಲ್ಲುವುದಕ್ಕಾಗಿ ಆಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನ ಮಾತನ್ನು ಮುರಿಯುವುದಷ್ಟೇ ವಿತಂಡ. ಹಿತ್ತಿಲಿನ ಚರ್ಚೆ ವಾದದಲ್ಲಿ ಮೊದಲಾಗಿ ಕಾಫಿಯ ಹೊತ್ತಿಗೆ ಜಲ್ಪವಾಗಿ, ಊಟದ ಹೊತ್ತಿಗೆ ವಿತಂಡಕ್ಕೆ ಇಳಿದಿದ್ದಿತು. ಆದರೂ ಒಂದು ಸಂಗತಿಯನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ತೀರ್ಪುಗಾರರು ನೋಡಿದುದನ್ನೇ ಎಲ್ಲರೂ ನೋಡಿದ್ದರು. ತೀರ್ಪಿಗೆ ಕಾರಣವನ್ನು ಎಲ್ಲರೂ ಕೇಳಿದ್ದರು.

ಅಷ್ಟರಲ್ಲಿ ನೆರೆಮನೆಯ ವೃದ್ಧರೊಬ್ಬರು ಬೇಲಿಯ ಬಾಗಿಲನ್ನು ತೆರೆದು ಬಂದರು. ರೈಲ್ವೆಯಲ್ಲಿ ದುಡಿದು ವಿಶ್ರಾಂತರಾದವರು. ಕೈಯಲ್ಲಿ ಹಸುವಿನ ಕೊರಳಗಂಟೆಯೊಂದಿದ್ದಿತು. ಹಿಂದೊಮ್ಮೆ ಲೇಕರ್ಸ್ ತಂಡದ ಗುರುಗಳಾದ ಫಿಲ್ ಜಾಕ್ಸನ್ನರು ಈ ಊರಿನವರನ್ನು ಅರೆನಾಗರಿಕರೆಂದು ಹಾಸ್ಯ ಮಾಡಿದುದಕ್ಕೆ, ಜನರು ಇಂಥ ಗಂಟೆಗಳನ್ನು ತಂದು ಪಂದ್ಯದಲ್ಲಿ ಬಾರಿಸಿದರಂತೆ. ವೃದ್ಧರು ಕುಳಿತವರೇ, “ಇದೇನು ಮಹಾ! ನೀವು ೨೦೦೨ನ್ನು ನೋಡಬೇಕಾಗಿತ್ತು,” ಎಂದರು. ನಮ್ಮವನು ಮೆಲ್ಲಗೆ ನಕ್ಕನು. ಆ ಬೀದಿಯವರೆಲ್ಲ ಆ ಕಥೆಯನ್ನು ಅನೇಕ ಸಲ ಕೇಳಿದ್ದರೆಂದು ನಮಗೆ ತಿಳಿಯಿತು.

ಕಥೆಯಿದು. ೨೦೦೨ರ ಮೇ ತಿಂಗಳಿನಲ್ಲಿ ಕಿಂಗ್ಸ್ ತಂಡಕ್ಕೂ ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೂ ಪಶ್ಚಿಮ ವಿಭಾಗದ ಅಂತಿಮ ಸರಣಿ ನಡೆಯಿತು. ನಾಲ್ಕನೆಯ ಪಂದ್ಯದ ಪೂರ್ವಾರ್ಧ ಮುಗಿಯುವಾಗ ಲೇಕರ್ಸಿನ ಸಮಾಕಿ ವಾಕರ್ ದೂರದಿಂದ ಎಸೆದ ಚೆಂಡು ಬಳೆಯೊಳಗೆ ಬಿದ್ದಿತು. ಗಡಿಯಾರವು ಸೊನ್ನೆಯನ್ನು ಮುಟ್ಟಿದಾಗ ಚೆಂಡು ಅವನ ಕೈಯಲ್ಲಿಯೇ ಇದ್ದಿತೆಂದು ಚಿತ್ರಗಳು ತೋರಿಸಿದುವು. ಆದರೆ ಚಿತ್ರಗಳನ್ನು ನೋಡಿ ತೀರ್ಪನ್ನು ತಿದ್ದುವ ನಿಯಮ ಅಂದು ಇರಲಿಲ್ಲ. ಮೂರು ಅಂಕಗಳು ಸಂದುವು. ಕೊನೆಯ ಕ್ಷಣದಲ್ಲಿ ರಾಬರ್ಟ್ ಹೋರಿಯ ಎಸೆತದಿಂದ ಲೇಕರ್ಸ್ ೧೦೦–೯೯ರಲ್ಲಿ, ಒಂದೇ ಅಂಕದಿಂದ, ಗೆದ್ದಿತು. ಐದನೆಯದನ್ನು ಕಿಂಗ್ಸ್ ೯೨–೯೧ರಲ್ಲಿ ಗೆದ್ದು ಸರಣಿಯಲ್ಲಿ ಮುಂದಾಯಿತು. ಇನ್ನೊಂದೇ ಗೆಲವು ಬೇಕಾಗಿತ್ತು.

ಮೇ ೩೧ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಆರನೆಯ ಪಂದ್ಯವೇ ಆ ವೃದ್ಧರ ಎದೆಯ ಮುಳ್ಳು. ಅದರ ಕೊನೆಯ ಕಾಲುಭಾಗದಲ್ಲಿ, ಎಂದರೆ ಹನ್ನೆರಡು ನಿಮಿಷಗಳ ಆಟದಲ್ಲಿ, ಲೇಕರ್ಸಿಗೆ ೨೭ ಫ್ರೀ ಥ್ರೋಗಳು ದೊರೆತುವು. ಇಡೀ ಪಂದ್ಯದಲ್ಲಿ ಅವರಿಗೆ ೪೦, ಇವರಿಗೆ ೨೫. ಕಿಂಗ್ಸಿನ ಇಬ್ಬರು ಎತ್ತರದ ಆಟಗಾರರು ಆರು ಫೌಲುಗಳ ಮಿತಿಯನ್ನು ಮುಟ್ಟಿ ಹೊರಗೆ ಕುಳಿತರು. ಕೊನೆಯ ಕೆಲವು ಸೆಕೆಂಡುಗಳಲ್ಲಿ ಕೋಬಿ ಬ್ರಯಂಟನ ಮೊಣಕೈ ಮೈಕ್ ಬಿಬ್ಬಿಯ ಮೂಗಿಗೆ ತಾಕಿ ರಕ್ತ ಬಂದಿತು. ಸೀಟಿ ಮಾತ್ರ ಊದಲಿಲ್ಲ. ಲೇಕರ್ಸ್ ೧೦೬–೧೦೨ರಲ್ಲಿ ಗೆದ್ದಿತು. ಗ್ರಾಹಕರ ಹಿತಕ್ಕಾಗಿ ಹೋರಾಡಿದ ರಾಲ್ಫ್ ನಾಡರ್ ಎಂಬ ಗಣ್ಯರು ವಿಚಾರಣೆಯಾಗಬೇಕೆಂದು ಆಡಳಿತದ ಮುಖ್ಯರಿಗೆ ಪತ್ರ ಬರೆದರು. ೨೦೦೮ರಲ್ಲಿ, ಪಂದ್ಯಗಳ ಮೇಲೆ ಪಣ ಕಟ್ಟಿದ ಅಪರಾಧದಲ್ಲಿ ಸಿಕ್ಕಿಬಿದ್ದ ಟಿಮ್ ಡಾನಘಿ ಎಂಬ ಬೇರೊಬ್ಬ ತೀರ್ಪುಗಾರನು ಆ ಪಂದ್ಯದ ಮೇಲೆಯೂ ಆರೋಪ ಹೊರಿಸಿದನು. ಆಡಳಿತದವರು ಅದನ್ನು ನಿರಾಕರಿಸಿದರು; ಆರೋಪವು ಎಂದೂ ಸಿದ್ಧವಾಗಲಿಲ್ಲ.

ವಾರಿಯರ್ಸ್ ಪಕ್ಷದ ಸ್ನೇಹಿತನು, “೨೭ ಎಂಬ ಎಣಿಕೆಯಿಂದಲೇ ಮೋಸವೆಂದು ಹೇಗೆ ಹೇಳುವುದು? ಶಕೀಲ್ ಓನೀಲನಂಥ ಪರ್ವತಾಕಾರನನ್ನು ಹಿಡಿಯದೆ ತಡೆಯುವುದು ಹೇಗೆ? ಅಂದು ಅವನೊಬ್ಬನೇ ೪೧ ಅಂಕ ಮಾಡಿದನು,” ಎಂದನು. ಆ ಮಾತಿನಲ್ಲಿ ಹುರುಳಿದ್ದಿತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬೇಕಾದರೆ, ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲವೆಂಬ ವ್ಯಾಪ್ತಿಯು ಸಿದ್ಧವಾಗಿರಬೇಕು. ಫ್ರೀ ಥ್ರೋಗಳ ಹೆಚ್ಚಳವು ಪಕ್ಷಪಾತವಿದ್ದಲ್ಲಿಯೂ ಉಂಟು, ಇಲ್ಲದಲ್ಲಿಯೂ ಉಂಟು. ಇಂಥ ಹೇತುವನ್ನು ನಮ್ಮವರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳ ಸಾಲಿಗೆ ಸೇರಿಸಿರುವರು. ಅದು ಸಂದೇಹವನ್ನು ಹುಟ್ಟಿಸಬಲ್ಲುದು, ನಿಶ್ಚಯವನ್ನು ಕೊಡಲಾರದು. ಪ್ರಮಾದವೇ ಬೇರೆ, ಪಕ್ಷಪಾತವೇ ಬೇರೆ.

ವೃದ್ಧರು ಕೋಪಿಸಿಕೊಳ್ಳುವರೆಂದು ನಾವು ಎಣಿಸಿದ್ದೆವು. ಅವರು ಗಂಟೆಯನ್ನು ಮೇಜಿನ ಮೇಲಿಟ್ಟು ಹೇಳಿದರು: “ಏಳನೆಯ ಪಂದ್ಯ ನಮ್ಮೂರಿನಲ್ಲಿಯೇ ನಡೆಯಿತು. ನಾನು ಅಲ್ಲಿಯೇ ಇದ್ದೆ. ನಮ್ಮವರಿಗೆ ೩೦ ಫ್ರೀ ಥ್ರೋ ಸಿಕ್ಕಿದುವು, ಹಾಕಿದ್ದು ೧೬. ಸಮವಾಗಿ ನಿಂತು, ಹೆಚ್ಚಿನ ಕಾಲದ ಆಟದಲ್ಲಿ ೧೧೨–೧೦೬ರಲ್ಲಿ ಸೋತೆವು. ಆ ಹದಿನಾಲ್ಕು ಎಸೆತಗಳನ್ನು ಯಾವ ತೀರ್ಪುಗಾರನೂ ತಪ್ಪಿಸಲಿಲ್ಲ. ಅದು ನಮ್ಮ ಕೈಯ ತಪ್ಪು. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆರನೆಯ ಪಂದ್ಯದ ಮಾತು ಬೇರೆ. ಈಗ ನೋಡಿ, ಇಂತಿಂಥ ತೀರ್ಪು ತಪ್ಪಾಯಿತೆಂದು ಅವರೇ ಮರುದಿನ ಬರೆದು ಹೊರಡಿಸುತ್ತಾರೆ. ಅಂದು ಹಾಗೆ ಒಂದು ಸಾಲನ್ನು ಓದಿದ್ದರೆ ನಾನು ಈ ಕಥೆಯನ್ನು ಇಷ್ಟು ವರ್ಷ ಹೇಳುತ್ತಿರಲಿಲ್ಲವೇನೋ.”

ಅವರು ಹೇಳಿದುದು ನಿಜ. ೨೦೦೨ರ ಮುಂದಿನ ಋತುವಿನಿಂದಲೇ, ಕಾಲುಭಾಗದ ಅಂತ್ಯದ ಎಸೆತಗಳನ್ನು ಚಿತ್ರದಲ್ಲಿ ಮತ್ತೆ ನೋಡಿ ತೀರ್ಮಾನಿಸುವ ನಿಯಮ ಬಂದಿತು. ೨೦೧೪ರಲ್ಲಿ ನ್ಯೂಜೆರ್ಸಿ ಪ್ರಾಂತದ ಸಿಕಾಕಸ್ ಎಂಬಲ್ಲಿ ಎಲ್ಲ ಪಂದ್ಯಗಳ ಚಿತ್ರಗಳನ್ನೂ ನೋಡುವ ಕೇಂದ್ರವೊಂದನ್ನು ತೆರೆದರು. ೨೦೧೫ರಿಂದ, ಹತ್ತಿರದ ಸ್ಪರ್ಧೆಯಾದ ಪಂದ್ಯಗಳಲ್ಲಿ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸರಿ ಇದು ತಪ್ಪು ಇದು ಎಂಬ ಪಟ್ಟಿಯನ್ನು ಪ್ರಕಟಿಸುತ್ತಿರುವರು. ಆ ಪಟ್ಟಿಯಿಂದ ಸೋತವನು ಗೆದ್ದವನಾಗನು. ಪಂದ್ಯದ ಫಲ ಬದಲಾಗದು. ಹಾಗಾದರೆ ಪ್ರಯೋಜನವೇನೆಂದು ಮೊದಲು ನಮಗೂ ತೋರಿತು. ವೃದ್ಧರ ಮುಖವನ್ನು ನೋಡಿದ ಮೇಲೆ ಪ್ರಯೋಜನವು ತಿಳಿಯಿತು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೂವತ್ತು ವರ್ಷಗಳ ಹಿಂದಿನ ನಮ್ಮದೊಂದು ತೀರ್ಪು ಕಣ್ಣಮುಂದೆ ಬಂದು ನಿಂತಿತು. ಶಾಲೆಗಳ ನಡುವಣ ಕಬಡ್ಡಿಯ ಪಂದ್ಯ. ಬರಬೇಕಾದ ತೀರ್ಪುಗಾರರು ಬಾರದೆ, ನಮ್ಮ ಶಾಲೆಯೇ ಆಡುತ್ತಿದ್ದರೂ ನಮ್ಮನ್ನೇ ನಿಲ್ಲಿಸಿದರು. ಕೊನೆಯಲ್ಲಿ ಎದುರು ಶಾಲೆಯ ಹುಡುಗನೊಬ್ಬನು ದಾಳಿಗೆ ಬಂದನು. ನಮ್ಮ ನಾಲ್ವರು ಅವನನ್ನು ಕೆಡವಿ ಹಿಡಿದರು. ಅವನು ಉಸಿರು ಬಿಡದೆ ಕೈಚಾಚಿ ನಡುಗೆರೆಯ ಕಡೆಗೆ ತೆವಳಿದನು. ಧೂಳಿನಲ್ಲಿ ನಮಗೆ ಕಾಣಲಿಲ್ಲ. ಔಟೆಂದು ಸೀಟಿ ಊದಿದೆವು. ಹುಡುಗನು ಎದ್ದು ನಮ್ಮನ್ನು ಒಮ್ಮೆ ನೋಡಿ, ಏನೂ ಹೇಳದೆ ಹೊರಟುಹೋದನು. ನಮ್ಮ ಶಾಲೆಗೆ ಬಹುಮಾನದ ಫಲಕ ಬಂದಿತು. ಸಂಜೆ ನಮ್ಮ ತಂಡದ ಹುಡುಗನೇ ಬಳಿಗೆ ಬಂದು, “ಸಾರ್, ಅವನ ಬೆರಳು ಗೆರೆ ಮುಟ್ಟಿತ್ತು. ನಾನೇ ಅವನ ಕೈ ಹಿಡಿದಿದ್ದೆ,” ಎಂದನು. ನಾವು, “ಆದದ್ದಾಯಿತು, ಹೋಗು,” ಎಂದೆವು. ಫಲಕವನ್ನು ಹಿಂದಿರುಗಿಸುವುದು ನಮ್ಮ ಕೈಯಲ್ಲಿರಲಿಲ್ಲವೆಂದು ಅಂದು ಸಮಾಧಾನ ಮಾಡಿಕೊಂಡೆವು. ಆದರೆ ಆ ಶಾಲೆಗೆ ಒಂದು ಕಾರ್ಡು ಬರೆಯುವುದು ನಮ್ಮ ಕೈಯಲ್ಲಿಯೇ ಇದ್ದಿತು. ಬರೆಯಲಿಲ್ಲ. ಕಣ್ಣಿನದು ಪ್ರಮಾದ, ಮೌನವು ಪ್ರಮಾದವಲ್ಲ.

ಸರಣಿಯು ಮೂರು ಮೂರರ ಸಮಕ್ಕೆ ಬಂದು, ಏಪ್ರಿಲ್ ೩೦ರ ಭಾನುವಾರ ಮಧ್ಯಾಹ್ನ ಏಳನೆಯ ಪಂದ್ಯ ಸಾಕ್ರಮೆಂಟೊ ನಗರದಲ್ಲಿಯೇ ನಡೆಯಿತು. ವಾರಿಯರ್ಸಿನ ಸ್ಟೆಫನ್ ಕರಿ ಒಬ್ಬನೇ ೫೦ ಅಂಕಗಳನ್ನು ಮಾಡಿದನು. ಏಳನೆಯ ಪಂದ್ಯವೊಂದರಲ್ಲಿ ಅದುವರೆಗೆ ಯಾರೂ ಅಷ್ಟು ಮಾಡಿರಲಿಲ್ಲ. ೧೨೦–೧೦೦ರಲ್ಲಿ ಕಿಂಗ್ಸ್ ಸೋತಿತು. ಸಂಜೆ ನಾವು ಪೇಟೆಯ ಕಡೆ ನಡೆದುಹೋದಾಗ ನೇರಳೆಯ ಬೆಳಕು ಏಳಲಿಲ್ಲ. ಜನರು ಗುಂಪುಗುಂಪಾಗಿ ಮನೆಗೆ ಮರಳುತ್ತಿದ್ದರು. ದುಃಖವಿದ್ದಿತು, ಆದರೆ ನಮ್ಮ ಕಿವಿಗೆ ತೀರ್ಪುಗಾರರ ಮೇಲೆ ಒಂದು ದೂರೂ ಬೀಳಲಿಲ್ಲ. ಬೇಲಿಯ ಬಳಿ ನಿಂತಿದ್ದ ವೃದ್ಧರು, “ಒಳ್ಳೆಯ ಆಟಗಾರನ ಕೈಯಲ್ಲಿ ಸೋತೆವು,” ಎಂದಷ್ಟೇ ಹೇಳಿ ಒಳಕ್ಕೆ ಹೋದರು. ಒಂದೇ ಊರು, ಒಂದೇ ಬಗೆಯ ಸೋಲು. ಒಂದನ್ನು ಇಪ್ಪತ್ತೊಂದು ವರ್ಷವಾದರೂ ಮರೆಯಲಾರರು; ಇನ್ನೊಂದನ್ನು ಸಂಜೆಯೊಳಗೆ ಒಪ್ಪಿಕೊಂಡರು. ಮನುಷ್ಯನು ಸೋಲನ್ನು ಸಹಿಸಬಲ್ಲನು. ತಪ್ಪನ್ನು ತಪ್ಪೆಂದು ಯಾರೂ ಹೇಳದಿರುವುದನ್ನು ಸಹಿಸಲಾರನು.

ಆ ಕಬಡ್ಡಿಯ ಹುಡುಗನ ಹೆಸರು ನಮಗೆ ತಿಳಿಯದು. ಈಗ ಅವನಿಗೂ ಮಕ್ಕಳಿರಬಹುದು. ಈ ಪತ್ರಿಕೆಯು ಅವನ ಮನೆಗೂ ಹೋಗುತ್ತಿರಬಹುದು. ಅಂದು ಬರೆಯಬೇಕಾಗಿದ್ದ ಕಾರ್ಡನ್ನು ಇಲ್ಲಿ ಬರೆಯುತ್ತಿರುವೆವು. ಅಪ್ಪಾ, ನಿನ್ನ ಬೆರಳು ಗೆರೆಯನ್ನು ಮುಟ್ಟಿತ್ತು. ತೀರ್ಪು ತಪ್ಪಾಯಿತು.